ಊರು ಅಂಚಿನಲ್ಲಿ ಬೆಳೆಯಿತು, ಆಸ್ಪತ್ರೆ ನಡುವೆಯೇ ಉಳಿಯಿತು

(ಪೂರ್ವ ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಆರೋಗ್ಯ ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ಆಸ್ಪತ್ರೆಗಳ ಹೆಸರು. ವಿಕ್ಟೋರಿಯಾ, ಬೌರಿಂಗ್, ವಾಣಿವಿಲಾಸ, ನಿಮ್ಹಾನ್ಸ್, ಕಿದ್ವಾಯಿ, ಜಯದೇವ. ಹೆಮ್ಮೆ ಪಡಬೇಕಾದ ಹೆಸರುಗಳೇ. ಬೀದರ್‌ನಿಂದ ಚಾಮರಾಜನಗರದವರೆಗೆ ಎಷ್ಟೋ ಜನ ರಾತ್ರಿ ಬಸ್ಸು ಹತ್ತಿ ಬಂದು ಇಲ್ಲಿ ಜೀವ ಉಳಿಸಿಕೊಂಡು ಹೋಗಿದ್ದಾರೆ.

ಈ ಹೆಸರುಗಳನ್ನು ಒಮ್ಮೆ ನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ಮೆಜೆಸ್ಟಿಕ್‌ನಿಂದ ಏಳೆಂಟು ಕಿಲೋಮೀಟರ್ ದೂರದೊಳಗೆ ಎಲ್ಲವೂ ಮುಗಿದುಹೋಗುತ್ತವೆ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರು ಬೆಳೆದದ್ದು ಎಲ್ಲಿ? ವರ್ತೂರು, ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ಯಲಹಂಕ, ದಾಸರಹಳ್ಳಿ, ಕೆಂಗೇರಿ. ಊರು ಅಂಚಿನಲ್ಲಿ ಬೆಳೆಯಿತು, ಸರ್ಕಾರಿ ಆರೋಗ್ಯ ಸೇವೆ ನಡುವೆಯೇ ಉಳಿಯಿತು. ಅಂಚಿನಲ್ಲಿ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕವೂ ನಮ್ಮ ಹತ್ತಿರ ಸರಿಯಾಗಿ ಇಲ್ಲ. ಇವತ್ತು ಇದರ ಬಗ್ಗೆಯೇ ಮಾತಾಡುತ್ತೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಎರಡು ವರ್ಷದ ಹಿಂದೆ ಬೊಂಬಾಯಿಯಲ್ಲಿ ಶುರುವಾದ ರೋಗ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಇಲ್ಲಿಗೆ ತಲುಪಿತು. ಆಗ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಎರಡೂ ಸೇರಿ ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಜಾಸ್ತಿ. ಗಾಳಿ ಬೆಳಕಿಲ್ಲದ ಮನೆಗಳು, ಧಾನ್ಯದ ಮಂಡಿಗಳು, ಇಲಿಗಳು. ಸಾವಿರಾರು ಜನ ಸತ್ತರು. ಸಾವಿರಾರು ಜನ ಊರು ಬಿಟ್ಟರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದು ಆ ಕಾಲದ ಭಯದಲ್ಲೇ.

ಆ ಭಯ ಊರಿನ ರೂಪವನ್ನೇ ಬದಲಿಸಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಜನೆ ಮೊದಲೇ ಇತ್ತು. ಆದರೆ ಜನ ಅಲ್ಲಿಗೆ ಹೋಗಿ ನೆಲೆಸಲು ದೊಡ್ಡ ಕಾರಣ ಪ್ಲೇಗ್. ಅಗಲ ರಸ್ತೆ, ಮನೆ ಮನೆ ನಡುವೆ ಜಾಗ, ಮನೆಗಳ ಹಿಂದೆ ಮಲ ಸಾಗಿಸಲು ಬೇರೆ ಓಣಿ. ಆ ಓಣಿಗಳು ಇವತ್ತೂ ಇವೆ, ನೋಡಬಹುದು. ದಂಡಿನ ಕಡೆ 1906ರ ಹೊತ್ತಿಗೆ ಫ್ರೇಜರ್ ಟೌನ್ ಶುರುವಾಯಿತು. ಅಲ್ಲಿ ಇಲಿ ನುಗ್ಗದಂಥ ಮನೆ ಹೇಗೆ ಕಟ್ಟಬೇಕು ಅಂತ ಯೋಚಿಸಿ ಕಟ್ಟಿದರು. ಪ್ಲೇಗ್ ಕೆಲಸಕ್ಕೆ ಅಧಿಕಾರಿಗಳು ಬೇಗ ಬೇಗ ಮಾತಾಡಿಕೊಳ್ಳಬೇಕು ಅಂತಲೇ 1898ರಲ್ಲಿ ಟೆಲಿಫೋನ್ ತಂತಿ ಎಳೆದರು. 1897ರಲ್ಲಿ ಅಡಿಗಲ್ಲು ಬಿದ್ದಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ತೆರೆಯಿತು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಡಾಕ್ಟರ್ ಪಲ್ಪು. ಕೇರಳದವರು, ಈಳವ ಸಮುದಾಯದವರು. ಮದ್ರಾಸಿನಲ್ಲಿ ವೈದ್ಯಕೀಯ ಓದಿದ್ದರೂ ಜಾತಿಯ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಪ್ಲೇಗ್ ಬಂದಾಗ ತಮ್ಮ ಜೀವದ ಹಂಗು ತೊರೆದು ಶಿಬಿರಗಳಲ್ಲಿ ರೋಗಿಗಳ ನಡುವೆ ದುಡಿದರು. ಅವರ ಹೆಸರು ಕೇರಳದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ದೊಡ್ಡದು. ಬೆಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲ. ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ಪ್ಲೇಗ್ ಕಾಲದ ಇನ್ನೊಂದು ಸಂಗತಿ. ಮನೆಯೊಳಗೆ ನುಗ್ಗಿ ತಪಾಸಣೆ ಮಾಡುವುದು, ರೋಗಿಯನ್ನು ಎಳೆದುಕೊಂಡು ಹೋಗಿ ಶಿಬಿರಕ್ಕೆ ಹಾಕುವುದು, ಸಾಮಾನು ಸುಡುವುದು ನಡೆಯಿತು. ಪರಿಣಾಮ ಏನಾಯಿತು? ಜನ ರೋಗಿಗಳನ್ನು ಬಚ್ಚಿಟ್ಟರು. 2020ರ ಜುಲೈನಲ್ಲಿ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕೊರೋನಾ ಬಂದ ಮನೆಗಳ ಬಾಗಿಲಿಗೆ ತಗಡು ಹೊಡೆದಿದ್ದು ನಿಮಗೆ ನೆನಪಿರಬಹುದು. ಒಳಗೆ ಪುಟ್ಟ ಮಕ್ಕಳೂ ವಯಸ್ಸಾದವರೂ ಇದ್ದರು. ಪಾಲಿಕೆ ಆಯುಕ್ತರು ಆಮೇಲೆ ಕ್ಷಮೆ ಕೇಳಿ ತೆಗೆಸಿದರು. ಹೆದರಿಸಿದರೆ ಜನ ಕಾಯಿಲೆ ಹೇಳುವುದಿಲ್ಲ. ಹೇಳದಿದ್ದರೆ ಲೆಕ್ಕ ಸಿಗುವುದಿಲ್ಲ. ಲೆಕ್ಕ ಇಲ್ಲದೆ ಸಾರ್ವಜನಿಕ ಆರೋಗ್ಯದ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಈಗ ಆ ಲೆಕ್ಕದ ವಿಷಯಕ್ಕೇ ಬರುತ್ತೇನೆ.

2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ 7 ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. 226 ಚದರ ಕಿಲೋಮೀಟರ್ ಇದ್ದ ಊರು ಒಂದೇ ಸಲಕ್ಕೆ 700 ದಾಟಿತು. ಹಳೆಯ ಪಾಲಿಕೆಗೆ ತನ್ನದೇ ಹೆರಿಗೆ ಆಸ್ಪತ್ರೆಗಳಿದ್ದವು, ಡಿಸ್ಪೆನ್ಸರಿಗಳಿದ್ದವು, ಹೆಲ್ತ್ ಇನ್‌ಸ್ಪೆಕ್ಟರ್‌ಗಳಿದ್ದರು. ಹೊಸದಾಗಿ ಸೇರಿದ ಕಡೆ ಇದ್ದದ್ದು ಹಳ್ಳಿಯ ಲೆಕ್ಕದಲ್ಲಿ ಕಟ್ಟಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳು. ಹಳ್ಳಿಯ ನಿಯಮದಲ್ಲಿ ಅಂಥ ಒಂದು ಕೇಂದ್ರಕ್ಕೆ 30,000 ಜನ. ಅದರ ಕೆಳಗೆ 5,000 ಜನಕ್ಕೊಂದು ಉಪಕೇಂದ್ರ. ಆ ಹಳ್ಳಿ ಈಗ ಹಳ್ಳಿಯಾಗಿ ಉಳಿದಿಲ್ಲ. ರಾಗಿ ಹೊಲದಲ್ಲಿ ಇಪ್ಪತ್ತು ಮಹಡಿಯ ಕಟ್ಟಡ ಎದ್ದಿದೆ, ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲಿದೆ. ಕೇಂದ್ರ ಮಾತ್ರ ಅದೇ, ಅದೇ ಎರಡು ಕೋಣೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ನಗರದ ಅಭಿಯಾನ ಬರಲು 2013ರವರೆಗೆ ಕಾಯಬೇಕಾಯಿತು. ಅದರ ನಿಯಮ ಹೀಗಿದೆ: 50,000 ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, 10,000 ಜನಕ್ಕೊಬ್ಬ ಕಿರಿಯ ಆರೋಗ್ಯ ಸಹಾಯಕಿ, ಬಡವರ ಬಸ್ತಿಗಳಲ್ಲಿ 200ರಿಂದ 500 ಮನೆಗೊಬ್ಬ ಆಶಾ ಕಾರ್ಯಕರ್ತೆ. ಒಳ್ಳೆಯ ನಿಯಮ. ಆದರೆ 50,000 ಜನ ಅಂತ ಎಣಿಸುವವರು ಯಾರು? ನಮ್ಮ ಕೊನೆಯ ಜನಗಣತಿ 2011ರದ್ದು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. 2001ರಿಂದ 2011ರ ನಡುವೆಯೇ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತ್ತು. ಆಮೇಲಿನದ್ದು ಅಂದಾಜು. ಊರಿನ ನಡುವೆ ಆ ಅಂದಾಜು ಸ್ವಲ್ಪ ಆಚೀಚೆ ಆದರೆ ಏನೂ ಆಗಲ್ಲ. ಅಂಚಿನಲ್ಲಿ ಅದು ಎರಡು ಪಟ್ಟು, ಮೂರು ಪಟ್ಟು ತಪ್ಪಬಹುದು. ಆಗ ಲಸಿಕೆ ನೂರಕ್ಕೆ ನೂರು ಆಗಿದೆ ಅಂತ ಕಾಗದದಲ್ಲಿ ಬರುತ್ತದೆ. ಪಕ್ಕದ ಶೆಡ್ಡಿನಲ್ಲಿ ದಡಾರದ ಲಸಿಕೆ ಹಾಕಿಸಿಕೊಳ್ಳದ ಹತ್ತು ಮಕ್ಕಳು ಆಡುತ್ತಿರುತ್ತಾರೆ.

ಆ ಶೆಡ್ಡುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಅಲ್ಲಿರುತ್ತವೆ. ಬಂಗಾಳ, ಬಿಹಾರ, ಒಡಿಶಾದವರೂ ಇರುತ್ತಾರೆ. ಆಶಾ ಕಾರ್ಯಕರ್ತೆಯರ ಜೊತೆ ಒಮ್ಮೆ ಹೋದರೆ ಈ ಮಾತು ಕೇಳಿಸುತ್ತದೆ: "ತಾಯಿ ಕಾರ್ಡ್ ಇದ್ಯೇನಮ್ಮ?" "ಊರಾಗ ಐತ್ರಿ ಅಕ್ಕಾರ, ಅವ್ವನ ಟ್ರಂಕಿನ್ಯಾಗ." ಬಸುರಿ ಹೆಣ್ಣುಮಗಳ ತಪಾಸಣೆ, ರಕ್ತದ ಪ್ರಮಾಣ, ಹಾಕಿದ ಚುಚ್ಚುಮದ್ದು ಎಲ್ಲ ಆ ಕಾರ್ಡಿನಲ್ಲಿರುತ್ತದೆ. ಕಾರ್ಡು ಇಲ್ಲದಿದ್ದರೆ ಕೇಂದ್ರದಲ್ಲಿ ಹೊಸದಾಗಿ ಬರೆಯಬೇಕು. ಅಷ್ಟರಲ್ಲಿ ಮೇಸ್ತ್ರಿ ಇನ್ನೊಂದು ಸೈಟಿಗೆ ಕರೆದುಕೊಂಡು ಹೋಗಿರುತ್ತಾನೆ. ಮಗುವಿಗೆ ಆರು, ಹತ್ತು, ಹದಿನಾಲ್ಕು ವಾರಕ್ಕೆ ಲಸಿಕೆ ಆಗಬೇಕು. ಮೂರು ಸಲಕ್ಕೆ ಮೂರು ವಿಳಾಸ. ಇದು ಆ ತಾಯಿಯ ನಿರ್ಲಕ್ಷ್ಯ ಅಂತ ಯಾರಾದರೂ ಹೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಮ್ಮ ಮನೆಗಳನ್ನು ಕಟ್ಟಿದ ಕೈಗಳು ಅವು.

ಇನ್ನು ನೀರು ಮತ್ತು ಡೆಂಗಿ. ಇವನ್ನು ಒಟ್ಟಿಗೇ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಇವೆರಡೂ ಒಂದೇ ಸಮಸ್ಯೆ.

ನಮ್ಮದು ನದಿ ದಡದ ಊರಲ್ಲ. ಕುಡಿಯುವ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರ್‌ನಷ್ಟು ಎತ್ತರಕ್ಕೆ ಪಂಪು ಮಾಡಿ ಬರಬೇಕು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ. 2007ರಲ್ಲಿ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಸಾಮರ್ಥ್ಯದ ಯೋಜನೆ. ನಡುವಿನ ಆ ಹದಿನೇಳು ವರ್ಷ ಅಲ್ಲಿನ ಜನ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡು ಬದುಕಿದರು. 2024ರ ಬೇಸಿಗೆಯಲ್ಲಿ ಸರ್ಕಾರದ ಸುಮಾರು 13,900 ಕೊಳವೆಬಾವಿಗಳಲ್ಲಿ 6,900 ಬತ್ತಿ ಹೋಗಿವೆ ಅಂತ ಸರ್ಕಾರವೇ ಹೇಳಿತು.

ನೀರು ದಿನಾ ಬರದಿದ್ದರೆ ಜನ ಏನು ಮಾಡುತ್ತಾರೆ? ತುಂಬಿಡುತ್ತಾರೆ. ಸಂಪ್‌ನಲ್ಲಿ, ಡ್ರಮ್ಮಿನಲ್ಲಿ, ಬಿಂದಿಗೆಯಲ್ಲಿ, ಬಕೆಟ್ಟಿನಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ಅದೇ. ಅದು ಮೋರಿಯಲ್ಲಿ ಹುಟ್ಟುವ ಸೊಳ್ಳೆ ಅಲ್ಲ, ನಿಂತ ತಿಳಿ ನೀರಿನಲ್ಲಿ ಹುಟ್ಟುವುದು. ಕಚ್ಚುವುದು ಹಗಲು ಹೊತ್ತು. ಮೊಟ್ಟೆಯಿಂದ ಸೊಳ್ಳೆ ಆಗಲು ಎಂಟು ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಪಾತ್ರೆಗಳನ್ನು ಖಾಲಿ ಮಾಡಿ ಅನ್ನುವುದು. ಸುಮ್ನೆ ಚೆಲ್ಲಿದರೆ ಸಾಲದು, ಒಳಗಡೆ ಉಜ್ಜಬೇಕು. ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದ ಕೂಡಲೇ ಒಡೆಯುತ್ತದೆ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟಿನ ಬಾಟಲಿ, ಎಳನೀರಿನ ಬುರುಡೆ, ಟೈರು, ಕ್ಯೂರಿಂಗ್‌ಗೆ ನೀರು ನಿಲ್ಲಿಸಿದ ಹೊಸ ಸ್ಲ್ಯಾಬು, ಲಿಫ್ಟಿನ ಗುಂಡಿ. ಇವೆಲ್ಲ ನಮ್ಮ ಕಣ್ಣ ಮುಂದೆಯೇ ಇರುವ ಜಾಗಗಳು.

2024ರಲ್ಲಿ ಡೆಂಗಿ ಎಷ್ಟು ಜಾಸ್ತಿಯಾಯಿತು ಅಂದರೆ, ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ ಅಂತ ನಿಯಮ ಮಾಡಿತು. ದಂಡ ತಪ್ಪು ಅನ್ನುವುದಿಲ್ಲ. ಬಿಲ್ಡರ್‌ಗಳಿಗೆ ಅದು ಇನ್ನೂ ಗಟ್ಟಿಯಾಗಿ ಬೀಳಲಿ. ಆದರೆ ಮೂರು ದಿನಕ್ಕೊಮ್ಮೆ ನೀರು ಬರುವ ಬೀದಿಯ ಬಾಡಿಗೆ ಮನೆಯವರಿಗೆ ಡ್ರಮ್ಮು ಇಟ್ಟಿದ್ದಕ್ಕೆ ದಂಡ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಅವರಿಗೆ ಮೊದಲು ದಿನಾ ನೀರು ಕೊಡಿ, ಇಲ್ಲವೇ ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಕೊಡಿ. ಫಾಗಿಂಗ್ ಮಾಡಿದರೆ ಕೆಲಸ ಆಯಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹೊಗೆ ಹಾರಾಡುವ ಸೊಳ್ಳೆಯನ್ನು ಕೊಲ್ಲುತ್ತದೆ, ಅದೂ ಸ್ವಲ್ಪ ಹೊತ್ತು. ನೀರಿನಲ್ಲಿರುವ ಮರಿಗೆ, ಅಂದರೆ ಲಾರ್ವಾಕ್ಕೆ, ಏನೂ ಆಗುವುದಿಲ್ಲ.

ಈಗ ಕ್ಷಯದ ವಿಷಯಕ್ಕೆ ಬರೋಣ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಬಳ್ಳಾರಿ ರಸ್ತೆಯಲ್ಲಿ ಈಗಲೂ ಇದೆ. ಅಲ್ಲಿನವರು ತುಮಕೂರು ಜಿಲ್ಲೆಯಲ್ಲಿ ಒಂದು ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಆಗಿನ ನಂಬಿಕೆ ಏನಿತ್ತು? ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಕೆಮ್ಮು ಬಂದರೂ ಆಸ್ಪತ್ರೆಗೆ ಬರಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಅಂತ. ಅಧ್ಯಯನದಲ್ಲಿ ಕಂಡದ್ದು ಬೇರೆ. ಕ್ಷಯ ಇದ್ದವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಯಾವುದೋ ಒಂದು ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು! ಈ ತಿಳುವಳಿಕೆಯ ಮೇಲೆ ನಿಂತು ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪಗೊಂಡಿತು. ಬಾಗಿಲಿಗೆ ಬಂದ ಕೆಮ್ಮಿನವರ ಕಫ ಪರೀಕ್ಷೆ ಮಾಡಿ, ಅದೂ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಮಾಡಿ ಅನ್ನುವುದು ಅದರ ತಿರುಳು.

ಅರವತ್ತು ವರ್ಷ ಕಳೆದಿದೆ. ನಗರದ ಅಂಚಿನಲ್ಲಿ ಈಗಲೂ ಇದೇ ನಡೆಯುತ್ತಿದೆ. ಕೆಮ್ಮು ಬಂದ ಗಾರ್ಮೆಂಟ್ಸ್ ಹೆಣ್ಣುಮಗಳು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಯಾಕೆಂದರೆ ರಾತ್ರಿ ಎಂಟಕ್ಕೆ ತೆರೆದಿರುವುದು ಅದೊಂದೇ. 2022ರ ಡಿಸೆಂಬರ್‌ನಿಂದ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್‌ಗಳು ಬಂದಿವೆ. ನನಗೆ ಅವುಗಳ ಮೇಲೆ ಬಹಳ ಭರವಸೆ ಇದೆ. ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಉಚಿತ ಔಷಧಿ, ನಡೆದು ಹೋಗುವಷ್ಟು ಹತ್ತಿರ. ಆದರೆ ಹೆಚ್ಚಿನವು ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ ತೆರೆದಿರುವಂತೆ ಶುರುವಾದವು. ದಿನಗೂಲಿಯವರು, ಮನೆಕೆಲಸದವರು, ಫ್ಯಾಕ್ಟರಿಯವರು ಆ ಹೊತ್ತಿಗೆ ಬರಬೇಕಾದರೆ ಒಂದು ದಿನದ ಸಂಬಳ ಬಿಡಬೇಕು. ಕ್ಲಿನಿಕ್ ಉಚಿತ, ಆದರೆ ಅಲ್ಲಿಗೆ ಹೋಗುವುದು ಉಚಿತ ಅಲ್ಲ. ಸಂಜೆ 4ರಿಂದ ರಾತ್ರಿ 9ರವರೆಗೆ ನಡೆಯುವ ಕ್ಲಿನಿಕ್ ಪ್ರತಿ ಕಾರ್ಮಿಕ ಬಡಾವಣೆಗೂ ಬೇಕು. ಹೊಸ ಕಟ್ಟಡಕ್ಕಿಂತ ಈ ಒಂದು ಬದಲಾವಣೆ ಜಾಸ್ತಿ ಜನರನ್ನು ತಲುಪುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಕ್ಕರೆ ಕಾಯಿಲೆ, ಬಿಪಿಗೂ ಇದೇ ಮಾತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಹಳ್ಳಿಯಲ್ಲಿ ನೂರರಲ್ಲಿ ಒಂಬತ್ತು ಜನಕ್ಕೆ ಇದ್ದರೆ, ಪಟ್ಟಣದಲ್ಲಿ ಹದಿನಾರು ಜನಕ್ಕೆ. ಆಯುಷ್ಮಾನ್ ಕಾರ್ಡಿನಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಒಳ್ಳೆಯದೇ. ಆದರೆ ಅದು ಆಸ್ಪತ್ರೆ ಸೇರಿದ ಮೇಲೆ. ತಿಂಗಳು ತಿಂಗಳು ನುಂಗಬೇಕಾದ ಮಾತ್ರೆಗೆ ಆ ಕಾರ್ಡು ಬರುವುದಿಲ್ಲ. ಮಾತ್ರೆ ತಪ್ಪಿದವರೇ ಹತ್ತು ವರ್ಷದ ಮೇಲೆ ಡಯಾಲಿಸಿಸ್‌ಗೆ, ಸ್ಟೆಂಟ್‌ಗೆ ಕಾರ್ಡು ಹಿಡಿದುಕೊಂಡು ಬರುತ್ತಾರೆ. ಮೂವತ್ತು ದಿನದ ಮಾತ್ರೆ ಬೀದಿಯ ಕ್ಲಿನಿಕ್‌ನಲ್ಲಿ ತಪ್ಪದೆ ಸಿಕ್ಕರೆ ಜಯದೇವದ ಮುಂದಿನ ಸಾಲು ಎಷ್ಟೋ ಕಡಿಮೆಯಾಗುತ್ತದೆ.

ಈ ಎಲ್ಲ ಕೆಲಸವನ್ನು ಹೊತ್ತಿರುವವರು ಆಶಾ ಕಾರ್ಯಕರ್ತೆಯರು. ಬಾಣಂತಿ, ಮಗು, ಲಸಿಕೆ, ಕ್ಷಯ, ಲಾರ್ವಾ ಸಮೀಕ್ಷೆ, ಕೊರೋನಾ ಬಂದಾಗ ಅದೂ. 2025ರ ಜನವರಿಯಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ, ಕೊನೆಗೆ ಸರ್ಕಾರ ಒಪ್ಪಿದ್ದು 10,000 ರೂಪಾಯಿ ಖಾತ್ರಿ. ಬೆಂಗಳೂರಿನಲ್ಲಿ ಅದು ಒಂದು ಸಣ್ಣ ಮನೆಯ ಬಾಡಿಗೆ. ಅಷ್ಟಕ್ಕೂ ಹೋರಾಡಬೇಕಾಗಿ ಬಂದದ್ದು ನಮಗೆ ನಾಚಿಕೆ ತರಬೇಕು.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: "ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಅಂತ ಆಗಿದೆಯಲ್ಲ, ಇದರಿಂದ ಆರೋಗ್ಯ ಸುಧಾರಿಸುತ್ತಾ ಸಾರ್?" ಸುಧಾರಿಸಬಹುದು. ಆದರೆ ನೀರು ಜಲಮಂಡಳಿಯದ್ದು, ಗಾಳಿಯ ಹೊಣೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಶೆಡ್ಡಿನ ಕಾರ್ಮಿಕರು ಕಾರ್ಮಿಕ ಇಲಾಖೆಯವರು, ದೊಡ್ಡಾಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದ್ದು. ಒಂದು ವಾರ್ಡಿನಲ್ಲಿ ಡೆಂಗಿ ಏರಿದರೆ ಇವರೆಲ್ಲರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಯಾರಿಗಾದರೂ ಇರಬೇಕು. ಪಾಲಿಕೆಯ ಆರೋಗ್ಯಾಧಿಕಾರಿಗೆ ಅದನ್ನು ಕೊಡಿ ಅಂತ ನಾನು ಕೇಳುತ್ತೇನೆ. ಐದು ಪಾಲಿಕೆ ಆದಾಗ ಹೊರಗಿನ ಪಾಲಿಕೆಗಳಿಗೆ ಜಾಸ್ತಿ ಹಣ ಬರಬೇಕು ಅನ್ನುವುದನ್ನೂ ಸೇರಿಸುತ್ತೇನೆ. ಅಲ್ಲಿ ಕಟ್ಟಬೇಕಾದದ್ದು ಜಾಸ್ತಿ ಇದೆ.

ಹಿರಿಯರೊಬ್ಬರು ಕ್ಯಾನ್ ನೀರಿನ ಬಗ್ಗೆ ಕೇಳಿದರು. ಟಿಡಿಎಸ್ ಮೀಟರ್ ಇಟ್ಟು ನೋಡುತ್ತೇವೆ, ಕಡಿಮೆ ತೋರಿಸಿದರೆ ಶುದ್ಧ ಅಲ್ವಾ ಅಂತ. ಅಲ್ಲ. ಟಿಡಿಎಸ್ ತೋರಿಸುವುದು ಕರಗಿದ ಲವಣವನ್ನು. ಚರಂಡಿ ನೀರಿನ ರೋಗಾಣು ಸೇರಿದ್ದರೂ ಆ ಮೀಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಲ್ಯಾಬಿನಲ್ಲಿ ಕೋಲಿಫಾರ್ಮ್ ಪರೀಕ್ಷೆ ಮಾಡಿಸಬೇಕು. ಅನುಮಾನ ಇದ್ದರೆ ಕುದಿಸಿ ಕುಡಿಯಿರಿ. ಸಂಪ್ ತೊಳೆಸಿದ ದಿನಾಂಕವನ್ನು ಗೋಡೆ ಮೇಲೆ ಬರೆದಿಡಿ.

ಕೊನೆಯದು, ಯುವತಿಯೊಬ್ಬರ ಪ್ರಶ್ನೆ: "ನಮ್ಮ ಅಪಾರ್ಟ್‌ಮೆಂಟಿನವರು ಏನು ಮಾಡಬಹುದು?" ಮೊದಲನೆಯದಾಗಿ, ಗೇಟಿನಲ್ಲಿ ಆಶಾ ಕಾರ್ಯಕರ್ತೆಯನ್ನೂ ಲಾರ್ವಾ ನೋಡಲು ಬರುವವರನ್ನೂ ತಡೆಯಬೇಡಿ ಅಂತ ಸೆಕ್ಯುರಿಟಿಯವರಿಗೆ ಹೇಳಿ. ಎಷ್ಟೋ ಕಡೆ ಅವರು ಒಳಗೆ ಹೋಗಲಾರದೆ ವಾಪಸ್ ಬರುತ್ತಾರೆ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಅಲ್ಲಿ ಎಷ್ಟು ಮಕ್ಕಳಿದ್ದಾರೆ, ಬಸುರಿಯರು ಯಾರಾದರೂ ಇದ್ದಾರಾ ಅಂತ ಮೇಸ್ತ್ರಿಯನ್ನು ಕೇಳಿ, ಹತ್ತಿರದ ಕೇಂದ್ರಕ್ಕೆ ತಿಳಿಸಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಮಗುವಿನ ಲಸಿಕೆಗೆ, ತನ್ನ ಬಿಪಿ ತೋರಿಸಲು ಸಂಬಳ ಕಡಿಯದೆ ಅರ್ಧ ದಿನ ರಜೆ ಕೊಡಿ. ಹೆಚ್ಚಿನ ಕೇಂದ್ರಗಳಲ್ಲಿ ಗುರುವಾರ ಲಸಿಕೆ ಹಾಕುತ್ತಾರೆ. ತಾಯಿ ಕಾರ್ಡ್ ಊರಿನಲ್ಲಿ ಬಿಟ್ಟು ಬಂದಿದ್ದರೂ ಇಲ್ಲಿ ಲಸಿಕೆ ಕೊಡಲೇಬೇಕು. ಇಲ್ಲ ಅಂದರೆ ಕೇಂದ್ರದ ವೈದ್ಯಾಧಿಕಾರಿಯನ್ನು ಕೇಳಿ. ನೀವೇ ಒಮ್ಮೆ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.